ನಡುಗಡ್ಡೆಗೆ ಹೊರಟ ಪೆಟ್ಟಿಗೆ

ಜನವರಿ ೧, ೧೯೭೫. ಬುಧವಾರ

ಗೊಬ್ಬರದ ಏಜಂಟ ಹೊಸ ಡೈರಿ ಕೊಟ್ಟು ಹೋದ. ಪ್ರತಿ ವರ್ಷ ಕೊಡುತ್ತಾನೆ, ಪ್ರತಿ ವರ್ಷ ಅದರ ಹಾಳೆ ಹರಿದು ಗಿರಾಕಿಗಳಿಗೆ ಅರಿಷಿಣ ಕಟ್ಟಿ ಕೊಡುತ್ತೇನೆ. ಈ ಸಲ ಬರೆಯುವ ಗರಜು ಬಿದ್ದಿದೆ. ಯಾರ ಮುಂದೂ ಇಳಿಸಲಾಗದ ಒಂದು ಹೊರೆ ತಲೆಯ ಮೇಲೆ ಕೂತಿದೆ. ಹೊತ್ತುಕೊಂಡವನೂ ನಾನೇ.

ನಡೆದದ್ದು ಇಷ್ಟು. ಧಾರವಾಡದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಗೂಳಪ್ಪ ಸರ್ ಹಕ್ಕಿ ನೋಡಲು ಕಲಘಟಗಿಯ ಅಡವಿಗೆ ಬಂದಾಗಲೆಲ್ಲ ನನ್ನ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತು ಚುರಮುರಿ ತಿಂದು ಹೋಗುವವರು. ನಿನ್ನೆ ಅಂಗಡಿ ತುಂಬ ಗಿರಾಕಿ ಇದ್ದಾಗ ಅವರ ಹಕ್ಕಿ ನೋಡುವ ಮಂಡಳಿಯ ಸುದ್ದಿ ತೆಗೆದರು. ಗಂಡಸರು ಹೆಂಗಸರು ಕೂಡಿ ಫೆಬ್ರುವರಿಯಲ್ಲಿ ಮದ್ರಾಸಿನಿಂದ ಹಡಗು ಹತ್ತಿ ಅಂಡಮಾನಕ್ಕೆ ಹೋಗುತ್ತಾರಂತೆ. ಅಲ್ಲಿಂದ ಬಾಡಿಗೆ ಮೋಟಾರು ದೋಣಿಯಲ್ಲಿ ಜನವಿಲ್ಲದ ನಡುಗಡ್ಡೆಗಳ ಸುತ್ತ ಒಂದು ತಿಂಗಳು ಆಮೆ, ಮೊಸಳೆ, ಹಕ್ಕಿ ನೋಡುತ್ತ ತಿರುಗುವುದು. ದವಸ ಧಾನ್ಯವೆಲ್ಲ ನನ್ನ ಅಂಗಡಿಯದು.

"ಒಬ್ಬರು ಹರ್ನಿಯಾ ಆಪರೇಶನ್ ಮಾಡಿಸ್ಕೊಂಡು ಮಲಗ್ಯಾರ, ಒಂದು ಜಾಗಾ ಖಾಲಿ ಬಿತ್ತು ನೋಡ್ರಿ" ಅಂದರು.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಖಾಲಿ ಯಾಕ ಬಿಡ್ತೀರಿ? ಈರಬಸಪ್ಪ ಅಂತ ಬರಕೋರಿ. ಕಲಘಟಗಿಯಾಂವ ಒಬ್ಬ ಮೊಸಳಿ ಹಲ್ಲು ಎಣಿಸಿ ಬಂದ ಅಂತ ನಾಕ ಮಂದಿ ಮಾತಾಡಲಿ" ಅಂದೆ.

ನಕ್ಕು ಬಿಡುವ ಮಾತು. ಆದರೆ ಕಲಿತವರಿಗೆ ಮಾತು ಕಾಗದಕ್ಕೆ ಇಳಿಸುವ ಚಟ. ಪೆನ್ನು ತೆಗೆದು ಬರೆದೇ ಬಿಟ್ಟರು. ಗಿರಾಕಿಗಳೆಲ್ಲ ಸಾಕ್ಷಿ. ಹಮಾಲಿ ಮಾಡುತ್ತಿದ್ದ ನಾನು ಅಂಗಡಿಯ ಸಾವಕಾರ ಆದದ್ದು ಒಂದೇ ಬಂಡವಾಳದಿಂದ, ಆಡಿದ ಮಾತು ಹಿಂದಕ್ಕೆ ತಗೊಳ್ಳದ್ದರಿಂದ. ಈಗ ಅದೇ ಬಂಡವಾಳ ನನ್ನ ಕುತ್ತಿಗೆ ಹಿಡಿದಿದೆ.

ಮನೆಯಲ್ಲಿ ಹೇಳಿದೆ. ಹೆಂಡತಿ ಶಾರದವ್ವ ಜೋಳ ಹಸನ ಮಾಡುತ್ತಿದ್ದಳು. "ಆಮಿ ನೋಡಾಕ ಅಷ್ಟು ದೂರ ಹೋಗಬೇಕೇನ್ರಿ?" ಅಂದಳು. ಅಲ್ಲಿನವು ದೊಡ್ಡವು, ರಾತ್ರಿ ದಂಡೆಗೆ ಬಂದು ಉಸುಕಿನಲ್ಲಿ ಕುಣಿ ತೋಡಿ ತತ್ತಿ ಇಡುತ್ತವೆ ಅಂತ ಸರ್ ಹೇಳಿದ್ದನ್ನು ಹೇಳಿದೆ. ಮೊರ ನಿಲ್ಲಿಸಿ, "ಎಷ್ಟು ದೊಡ್ಡವು?" ಅಂತ ಕೇಳಿದಳು. ಚಕ್ಕಡಿಯ ಗಾಲಿಯಷ್ಟು ಅಂದೆ.

ಜನವರಿ ೩, ಶುಕ್ರವಾರ

ಕಟ್ಟುವ ಕೆಲಸ ಶುರು. ಒಂದು ತಿಂಗಳ ಊಟ ಅಂದರೆ ನಮ್ಮ ಕಡೆ ಚಿಂತೆ ಇಲ್ಲ. ಕಡಕ ರೊಟ್ಟಿ ಬಡಿದು ಒಣಗಿಸಿ ಬುಟ್ಟಿ ತುಂಬಿದರೆ ಯುಗಾದಿಯವರೆಗೆ ನಡೆಯುತ್ತದೆ. ಓಣಿಯ ಹೆಣ್ಣುಮಕ್ಕಳು ಬಂದು ಎರಡು ಒಲೆ ಹೂಡಿದರು. ಮನೆ ತುಂಬ ತಟಪಟ ಸದ್ದು.

ಅಷ್ಟರಲ್ಲಿ ಅಳ್ನಾವರದಿಂದ ಅಕ್ಬರಸಾಬ ಬಂದ. ಈಗ ಬಿದಿರಿನ ವ್ಯಾಪಾರ. ಮೊದಲು ಮುಂಬಯಿಯಲ್ಲಿ ಹಡಗಿನ ಮೇಲೆ ಅಡಿಗೆ ಮಾಡಿದವನು. ರೊಟ್ಟಿಯ ರಾಶಿ ನೋಡಿ ನಕ್ಕ.

"ಕಾಕಾ, ಇವನ್ನ ತಗೊಂಡು ಹೊಂಟೀರೇನು? ಸಮುದ್ರದ ಗಾಳಿ ಅಂದ್ರ ಹಸಿ ಗಾಳಿ. ಹಡಗದಾಗ ಹಪ್ಪಳ ಇಟ್ರ ಮರುದಿನ ತೊಯ್ದ ಅರಿವಿ ಆಗಿರ್ತೈತಿ. ಇವು ನಾಕ ದಿನಕ್ಕ ಮೆತ್ತಗಾಗಿ ಬೂಸ್ಟ ಹಿಡಿತಾವು."

"ಹಂಗಂದ್ರ ಏನ ತಿನ್ನೂದೋ?"

"ಮೀನ ತಿನ್ರಿ."

ಹೆಣ್ಣುಮಕ್ಕಳು ಮುಸಿಮುಸಿ ನಕ್ಕರು. ಮತ್ತೆ ಅವನೇ, ದಂಡೆ ಬಿಟ್ಟ ಮೇಲೆ ಮೂರು ದಿನ ನಾಲ್ಕು ದಿಕ್ಕಿಗೂ ನೀರು, ನೆಲ ಅಂಬುವುದೇ ಮರೆತು ಹೋಗುತ್ತದೆ, ರಾತ್ರಿ ಮಲಗಿದರೆ ಕಿವಿಯ ಬಾಜೂಕ ಹಲಗೆ, ಹಲಗೆಯ ಆ ಕಡೆ ನೀರು ಅಂತ ಬಣ್ಣಿಸಿದ. ಅದನ್ನು ಹೇಳು ಅಂತ ಯಾರೂ ಕೇಳಿರಲಿಲ್ಲ.

ರೊಟ್ಟಿ ಕೆಡುವುದಾದರೆ, ಮೀನು ಬೇಯಿಸಿದ ಒಲೆಯ ಅಡಿಗೆ ಮುಟ್ಟದ ಕಟ್ಟಾ ಲಿಂಗವಂತ ಹಡಗು ಹತ್ತುವುದು ಹೇಗೆ? ಈ ಮಾತು ನಾಳೆ ಸರ್ ಅವರಿಗೆ ಹೇಳಿ ಕಳಿಸಬೇಕು ಅಂತ ತೀರ್ಮಾನ ಮಾಡಿದೆ. ಮೈ ಹಗುರಾಯಿತು. ಎರಡು ಬಿಸಿ ರೊಟ್ಟಿ ಹೆಚ್ಚಿಗೆ ತಿಂದೆ.

ಶಾರದವ್ವ ಬೆಣ್ಣೆ ಹಾಕುತ್ತ, "ಹಸಿ ಹತ್ತಲಾರದಂಥಾ ಪೆಟಗಿ ಬೇಕು, ಅಷ್ಟ ಹೌದಲ್ಲ? ನಮ್ಮ ಗಂಗಪ್ಪಗ ಹೇಳಿದ್ರ ಆತು. ತೊಟ್ಟಲಕ್ಕ ಅರಗು ಹಚ್ಚತಾನಲ್ಲ, ಎಷ್ಟು ಕೂಸು ಉಚ್ಚಿ ಹೊಯ್ದರೂ ಕಟಿಗಿ ನೆನಿಯೂದಿಲ್ಲ" ಅಂದಳು.

ಈ ಮನೆಯಲ್ಲಿ ಬುದ್ಧಿ ಇರಬೇಕಾದ ಜಾಗದಲ್ಲಿ ಇದೆ. ಹೊತ್ತು ಮಾತ್ರ ನೋಡಿಕೊಂಡು ಬರುವುದಿಲ್ಲ.

ಜನವರಿ ೬, ಸೋಮವಾರ

ಗಂಗಪ್ಪನ ಹತ್ತಿರ ಹೋಗಿದ್ದೆ. ಅವನ ಮನೆತನವೆಲ್ಲ ಬಣ್ಣದ ತೊಟ್ಟಿಲು ಮಾಡುವವರು. ಪೆಟ್ಟಿಗೆ ಅಂದದ್ದಕ್ಕೆ ತಲೆ ಕೆರೆದುಕೊಂಡ.

"ಪೆಟಗಿ ನಾವು ಮಾಡಿಲ್ಲರಿ ಸಾವಕಾರ್ರ. ನಮ್ಮ ಕೈಗೆ ತೊಟ್ಟಲ ಒಂದ ಗೊತ್ತು."

"ತೊಟ್ಟಲಾ ಅಂದ್ರ ಬಾಯಿ ತೆರೆದ ಪೆಟಗಿ. ಮ್ಯಾಲೊಂದು ಮುಚ್ಚಳ ಹಾಕು."

"ಕೂಸು ಉಸರಾಡೂದು ಹೆಂಗ್ರಿ?"

ಅರ್ಧ ತಾಸು ತಿಳಿಸಿ ಹೇಳಿದೆ. ಒಳಗೂ ಹೊರಗೂ ಅರಗು ಬೇಕು, ಇರುವೆ ಹೋಗುವಷ್ಟೂ ಸಂದು ಇರಬಾರದು ಅಂದೆ. ಆರಾಮಾಗಿ ಮಾಡು, ಗಡಿಬಿಡಿ ಇಲ್ಲ, ತಡವಾದರೂ ನಡೆಯುತ್ತದೆ ಅಂತಲೂ ಅಂದೆ. ಅದನ್ನು ಎರಡು ಸಲ ಅಂದೆ.

ಜನವರಿ ೮, ಬುಧವಾರ

ನಿದ್ದೆ ಸರಿ ಇಲ್ಲ. ಬದನೆಕಾಯಿ ನಂಜು ಇರಬೇಕು.

ಜನವರಿ ೧೦, ಶುಕ್ರವಾರ

ಬದನೆಕಾಯಿ ಬಿಟ್ಟೆ. ನಿದ್ದೆ ಅಷ್ಟೇ.

ಮಠಕ್ಕೆ ಹೋದೆ. ಧರ್ಮದ ತಕರಾರು ಒಂದು ಉಳಿದಿತ್ತು. ಹಡಗಿನಲ್ಲಿ ಸಿಹಿನೀರು ಅಳೆದು ಕೊಡುತ್ತಾರೆ ಅಂತ ಅಕ್ಬರಸಾಬ ಹೇಳಿದ್ದ. ಸ್ನಾನ ಇಲ್ಲ, ಲಿಂಗಪೂಜೆ ಇಲ್ಲ ಅಂದರೆ ಊಟ ಇಲ್ಲ. ಮಠದ ಸ್ವಾಮಿಗಳು, ನಮ್ಮ ಅಜ್ಜಾರು, ಒಂದು ಸಲ "ಬ್ಯಾಡ" ಅಂದರೆ ಮುಗಿಯಿತು. ಮಠದ ಮಾತಿಗೆ ಊರು ಎದುರು ಆಡುವುದಿಲ್ಲ. ಶಾರದವ್ವ ತಾನೂ ಬರುತ್ತೇನೆಂದು ಬೆನ್ನು ಹತ್ತಿದಳು.

"ಅಜ್ಜಾರ, ನೀರಿನ ಮ್ಯಾಲೆ ಲಿಂಗಪೂಜಿ ನಡಿತೈತೇನ್ರಿ?" ಅಂದೆ, ನಡೆಯುವುದಿಲ್ಲ ಅನ್ನುವ ದನಿ ಹಚ್ಚಿ.

"ಮನಿಯಾಗ ಪೂಜಿ ಎಲ್ಲೆ ಮಾಡ್ತಿ?"

"ಎಡಗೈಯಾಗ ಇಟಗೊಂಡ್ರಿ."

"ಆ ಕೈ ಮನಿಯಾಗ ಬಿಟ್ಟು ಹೊಕ್ಕಿಯೇನ?"

ಸುತ್ತ ಕೂತವರು ನಕ್ಕರು. ನಾನು ಬಿಡಲಿಲ್ಲ. "ಸುತ್ತ ಉಪ್ಪುನೀರು ರೀ, ಸೀನೀರು ಸಿಗೂದಿಲ್ಲ."

"ಕುಡಿಯಾಕ ಕೊಡ್ತಾರಲ್ಲ? ಅದರಾಗ ಒಂದು ಹನಿ ತಗಿ. ಲಿಂಗಯ್ಯ ಕೊಡಾ ನೀರು ಕೇಳ್ಯಾನೇನು?"

ಆಗ ಶಾರದವ್ವ ಸೆರಗು ಸರಿ ಮಾಡಿಕೊಂಡು, "ಹೆಣ್ಣಮಕ್ಕಳಿಗೂ ಇದ ಲೆಕ್ಕ ಏನ್ರಿ ಅಜ್ಜಾರ?" ಅಂದಳು.

"ನಿನ್ನ ಕೊರಳಾಗಿಂದು ಬ್ಯಾರೆ ಐತೇನ್ ತಂಗಿ?"

ಅವಳಿಗೆ ಇಂಥ ಸುಮ್ಮಸುಮ್ಮನೆ ಪ್ರಶ್ನೆ ಕೇಳುವ ರೂಢಿ ಮೊದಲಿಂದ. ನನ್ನ ಕೆಲಸ ಕೆಟ್ಟಿತು. ಅಜ್ಜಾರು ಮೇಲಿಂದ ಒಂದು ವಿಭೂತಿ ಗಟ್ಟಿ ಬೇರೆ ಕೊಟ್ಟರು, ಪ್ರಯಾಣಕ್ಕೆ ಅಂತ.

ಜನವರಿ ೧೨, ರವಿವಾರ. ಎಳ್ಳ ಅಮವಾಸ್ಯೆ

ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಲು ಶಾರದವ್ವನ ತವರು ಬಮ್ಮಿಗಟ್ಟಿಗೆ ಹೋಗಿದ್ದೆವು. ಹೊಲದಲ್ಲಿ ಕಡಬು, ಸಜ್ಜಿರೊಟ್ಟಿ, ಪುಂಡಿಪಲ್ಯ. ಕಡಲೆಯ ಬೆಳೆ ಸೊಂಪಾಗಿದೆ. ಊಟ ಮಾಡಿ ಗಿಡದ ನೆರಳಿಗೆ ಅಡ್ಡಾಗಬೇಕು ಅನ್ನುವಷ್ಟರಲ್ಲಿ ಕೆರೆಯ ದಂಡೆಯಲ್ಲಿ ಗೂಳಪ್ಪ ಸರ್ ಕಂಡರು, ಹೆಂಡತಿಯನ್ನೂ ಕರೆದುಕೊಂಡು ಬಾತುಕೋಳಿ ನೋಡಲು ಬಂದಿದ್ದರು. ಆ ಹೆಣ್ಣುಮಗಳೂ ಅಂಡಮಾನಕ್ಕೆ ಹೊರಟವರು. ಮೀನಿನವರ ತೆಪ್ಪ ಒಂದು ದಂಡೆಗೆ ಬಂದು ನಿಂತಿತ್ತು.

"ಛಲೋ ಆತು, ಈರಬಸಪ್ಪನವರ. ಒಂದು ಸುತ್ತು ಹಾಕ್ರಿ, ರೂಢಿ ಆಗ್ತದ" ಅಂದರು ಸರ್.

"ಉಂಡ ಮ್ಯಾಲೆ ನೀರಿನ ಮ್ಯಾಲೆ ಹೋಗಬಾರದು ಅಂತ ವೈದ್ಯರು ಹೇಳ್ಯಾರ್ರಿ."

"ಯಾವ ವೈದ್ಯರು?"

"ಹಳಬರು. ತೀರಿಕೊಂಡಾರ."

ಸರ್ ನನ್ನ ಮುಖ ನೋಡಿದರು. ಶಾರದವ್ವ ಚಪ್ಪಲಿ ಬಿಟ್ಟು ಅವನ್ನು ನನ್ನ ಕೈಗೆ ಕೊಟ್ಟಳು, ಸೀರೆಯ ನಿರಿಗೆ ಎತ್ತಿ ಸಿಗಿಸಿದಳು, ಚಕ್ಕಡಿ ಹತ್ತುವ ಹಾಗೆ ತೆಪ್ಪ ಹತ್ತಿ ಕೂತಳು. "ಸಂಜಿ ಆಗೂದ್ರಾಗ ಒಂದು ಸುತ್ತು ಹಾಕಿ ಬರ್ತೀನ್ರಿ" ಅಂದಳು, ಬಾಜೂಮನೆಗೆ ಹೆಪ್ಪು ಕೇಳಲು ಹೊರಟವಳ ಹಾಗೆ. ಸರ್ ಹೆಂಡತಿಯೂ ಹಿಂದೆಯೇ ಹತ್ತಿದರು.

ದಂಡೆಯ ಮೇಲೆ ನಿಂತೆ. ತೆಪ್ಪ ಸಣ್ಣದಾಯಿತು. ನನ್ನ ಕಾಲ ಬೆರಳು ಚಪ್ಪಲಿಯೊಳಗೆ ಗಟ್ಟಿಯಾಗಿ ನೆಲ ಹಿಡಿದಿದ್ದವು, ಅದೇಕೋ. ಕೆರೆಯ ನಡುವಿನಿಂದ ಒಂದು ನಗು ಬಂತು. ಯಾರದು ಅಂತ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಆ ನಗು ನಮ್ಮ ಮನೆಯಲ್ಲಿ ಕೇಳಿದ ನೆನಪಿಲ್ಲ.

ತಿರುಗಿ ಬಂದಾಗ ಅವಳ ಸೀರೆಯ ಅಂಚು ತೊಯ್ದಿತ್ತು. ಮಾತಾಡದೆ ಅಷ್ಟು ದೂರ ಚಕ್ಕಡಿಯಲ್ಲಿ ಕೂತದ್ದು ನನ್ನ ಮಟ್ಟಿಗೆ ಹೊಸದು.

ಜನವರಿ ೧೩, ಸೋಮವಾರ

ವಿಶೇಷವಿಲ್ಲ. ನಿದ್ದೆ ಇಲ್ಲ.

ಜನವರಿ ೧೫, ಬುಧವಾರ

ಸಂಕ್ರಮಣದ ಮರುದಿನ. ತಡಮಾಡು ಅಂದದ್ದಕ್ಕೇ ಇರಬೇಕು, ಗಂಗಪ್ಪ ಜಲ್ದಿ ಮುಗಿಸಿ ಪೆಟ್ಟಿಗೆ ಹೊರಿಸಿಕೊಂಡು ಬಂದ. ಕೆಂಪು, ಹಳದಿ, ಹಸಿರು. ನಾಲ್ಕು ಕಡೆ ಗಿಳಿ, ಬಳ್ಳಿ, ಮುಚ್ಚಳದ ಮೇಲೆ ಬಾಲಕೃಷ್ಣ. ನಾಲ್ಕು ಮೂಲೆಗೂ ಸರಪಳಿ ಹಾಕುವ ಹಿತ್ತಾಳೆ ಬಳೆ.

"ಬಳಿ ಯಾಕೋ ಗಂಗಪ್ಪಾ?"

ಅವನೂ ನೋಡಿದ. "ಕೈ ತಾನ ಹಾಕೇತ್ರಿ. ಎಲ್ಲಾ ಮುಗದ ಮ್ಯಾಲೆ ಖಬರ ಆತು. ಕೂಸಿಂದಲ್ಲ ಅಂತ."

ಪೇಟೆಯುದ್ದ ಮಂದಿ ಕೇಳಿದ್ದೇ ಕೇಳಿದ್ದು. "ಸಾವಕಾರ್ರ, ಅಣ್ಣಿಗೇರಿಗೆ ಕೊಟ್ಟ ಮಗಳು ಹಡದಳೇನ್ರಿ?" ಇಲ್ಲ, ರೊಟ್ಟಿಗೆ ಅಂದೆ. ರೊಟ್ಟಿಗೆ ಹೆಸರು ಏನು ಇಡುತ್ತೀರಿ ಅಂದ ಒಬ್ಬ. ಧಾರವಾಡಕ್ಕೆ ಹೊರಟಿದ್ದ ಗೂಳಪ್ಪ ಸರ್ ಬಸ್ಸು ಬಿಟ್ಟು ಇಳಿದು ಬಂದು ನೋಡಿದರು. ಅವರು ನಗಲಿಲ್ಲ. ದೋಣಿಯಲ್ಲಿ ನೆಲದ ಮೇಲಿಟ್ಟದ್ದೆಲ್ಲ ಉರುಳಾಡುತ್ತದೆ, ತೂಗಹಾಕಿದ್ದು ಮಾತ್ರ ನೆಟ್ಟಗೆ ಉಳಿಯುತ್ತದೆ, ಬಳೆ ಇದ್ದದ್ದು ಭಾರೀ ಛಲೋ ಆಯಿತು ಅಂತ ಗಂಗಪ್ಪನ ಬೆನ್ನು ಚಪ್ಪರಿಸಿದರು. ಗಂಗಪ್ಪ ಮೊದಲಿಂದ ಅದೇ ವಿಚಾರ ಇಟ್ಟುಕೊಂಡವನ ಹಾಗೆ ಗೋಣು ಹಾಕಿದ.

ನೆಪಗಳ ದಾಸ್ತಾನು ಮುಗಿಯಿತು. ರೊಟ್ಟಿಗೆ ಪೆಟ್ಟಿಗೆ ಬಂತು, ಪೂಜೆಗೆ ಅಪ್ಪಣೆ ಬಂತು. ಒಳಗೆ ಬಂದು ಪಡಸಾಲೆಯ ಕಂಬಕ್ಕೆ ಆತು ಕೂತೆ. ಶಾರದವ್ವ ಶೇಂಗಾ ಹಿಂಡಿ ಕುಟ್ಟುತ್ತಿದ್ದಳು. ಒನಕೆ ನಿಲ್ಲಿಸದೆಯೇ ಅಂದಳು:

"ಒಂದು ಮಾತು ಕೇಳಲೇನ್ರಿ?"

"ಕೇಳು."

"ನಿಮ್ಮ ಹೆಸರಿನ ಜಾಗಾದಾಗ ನಾ ಹೋದರ ನಡಿತೈತೇನ್ರಿ?"

ನಾನು ತಲೆ ಎತ್ತಿ ಅವಳನ್ನು ನೋಡಿದೆ.

"ಸರ್ ಹೆಂಡತಿ ಅದಾರ, ಮತ್ತೊಬ್ಬರು ಬಾಯಾರು ಅದಾರ. ಹೆಸರು ತಿಂಗಳ ಕಡಿಗೆ ಮದ್ರಾಸಕ್ಕ ಕಳಸ್ತಾರಂತ. ನಾ ಅವತ್ತ ಕೆರಿಯಾಗ ಕೇಳೀನಿ."

"ಊರ ಮಂದಿ ಏನಂತಾರ? ಈರಬಸಪ್ಪ ಹೆದರಿ ಹೆಂಡತಿನ ಕಳಿಸಿದ ಅಂತಾರ."

"ಹಂಗ್ಯಾಕ ಅಂತಾರ? ಅಕಿಗೆ ಆಮಿ ನೋಡೂ ಹುಚ್ಚು ಹತ್ತಿತ್ತು, ಇಂವಾ ತನ್ನ ಜಾಗಾ ಬಿಟ್ಟಕೊಟ್ಟ ಅಂತ ಹೇಳ್ರಿ. ಹೇಳೂದರಾಗ ನಿಮ್ಮನ್ನ ಮೀರಿಸೋರು ಯಾರದಾರ?" ಒನಕೆ ನಿಂತಿತು. "ಮತ್ತ ಅದು ಸುಳ್ಳೂ ಅಲ್ಲರಿ."

ನೂರು ಕಿಲೋ ಚೀಲ ಬೆನ್ನ ಮೇಲಿಂದ ಇಳಿಸಿದಾಗ ಹಮಾಲನಿಗೆ ಎರಡು ಹೆಜ್ಜೆ ಗಾಳಿಯಲ್ಲಿ ನಡೆದ ಹಾಗಾಗುತ್ತದೆ. ಎಷ್ಟೋ ವರ್ಷದ ಮೇಲೆ ಇವತ್ತು ಹಾಗಾಯಿತು. ಆದರೂ ಮನೆಯ ಯಜಮಾನ, ತಕ್ಷಣ ಹೂಂ ಅನ್ನಬಾರದು. ಚಹಾ ಕುಡಿದಾದ ಮೇಲೆ ಅಂದೆ.

ಜನವರಿ ೧೭, ಶುಕ್ರವಾರ

ಎರಡು ರಾತ್ರಿ ಕಲ್ಲಿನ ಹಾಗೆ ಮಲಗಿದೆ. ಬದನೆಕಾಯಿ ಎಣಗಾಯಿ ತಿಂದೇ ಮಲಗಿದ್ದು.

ಅಂಗಡಿಯಲ್ಲಿ ಸುದ್ದಿ ಬಿಟ್ಟೆ, ಅವಳು ಹೇಳಿದ ಹಾಗೆಯೇ. ಮಂದಿ ನಂಬಿದರು. ದೊಡ್ಡ ಮನಸ್ಸು ಸಾವಕಾರರದು ಅಂದರು. ನಾನು ತಲೆ ತಗ್ಗಿಸಿ ತಕ್ಕಡಿ ನೋಡಿದೆ.

ಜನವರಿ ೨೫, ಶನಿವಾರ

ಈಗ ಕಟ್ಟುವುದರಲ್ಲಿ ನನಗೆ ಭಾರೀ ಹುರುಪು. ಅವಳು ಒಂದು ಇಟ್ಟರೆ ನಾನು ಎರಡು ಇಡುತ್ತೇನೆ. ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ, ಬೆಲ್ಲದ ಉಂಡೆ, ಓಮಿನ ಅರ್ಕ. ಬ್ಯಾಟರಿ ಇಟ್ಟೆ, ಸೆಲ್ಲು ಬೇರೆ ಇಟ್ಟೆ. ಹುಣಸೆಹಣ್ಣು ಬಾಯಲ್ಲಿಟ್ಟುಕೊಂಡರೆ ಹಡಗಿನ ಹೊಟ್ಟೆತೊಳಸು ನಿಲ್ಲುತ್ತದೆ ಅಂತ ಅಕ್ಬರಸಾಬನನ್ನು ಕೇಳಿ ತಿಳಿದುಕೊಂಡು ಅದನ್ನೂ ಸೇರಿಸಿದೆ. ನನ್ನ ಉಲ್ಲನ್ ಸ್ವೆಟರ ಇಟ್ಟದ್ದನ್ನು ಅವಳು ಎತ್ತಿ ಹೊರಗಿಟ್ಟಳು.

"ಅಲ್ಲೆ ಶಕಿ ಇರ್ತೈತ್ರಿ."

"ರಾತ್ರಿ ಗಾಳಿ ಬೀಸತೈತಿ. ಇರಲಿ."

"ನನ್ನ ಹೊರಾಕ ಒಬ್ಬರು, ಪೆಟಗಿ ಹೊರಾಕ ನಾಕ ಮಂದಿ ಬೇಕಾಗ್ತಾರ."

ಸ್ವೆಟರ ಇಬ್ಬರೂ ಮೂರು ಸಲ ಒಳಗೆ ಹಾಕಿ ಹೊರಗೆ ತೆಗೆದೆವು. ಅವಳು ಒಲೆಯ ಮುಂದೆ ಹೋದಾಗ ರೊಟ್ಟಿಯ ಕೆಳಗೆ ತಳ್ಳಿದೆ.

ಮಲಗಿದಾಗ ಹಲಗೆಯ ಆ ಕಡೆ ನೀರು ಅಂದಿದ್ದನಲ್ಲ ಅಕ್ಬರಸಾಬ. ಆ ಮಾತು ಈಗ ಬೇರೆ ಥರ ನೆನಪಾಗುತ್ತಿದೆ. ಮೊದಲು ಹಲಗೆಯ ಈ ಕಡೆ ನಾನಿದ್ದೆ.

ಜನವರಿ ೨೮, ಮಂಗಳವಾರ

ಬಸ್ಸಿನ ಕಂಡಕ್ಟರನ ಕೈಯಲ್ಲಿ ಗೂಳಪ್ಪ ಸರ್ ಹೇಳಿ ಕಳಿಸಿದರು: ಇನ್ನೊಬ್ಬರು ಬಿಟ್ಟಿದ್ದಾರೆ, ಮತ್ತೊಂದು ಜಾಗ ಇದೆ, ಇಬ್ಬರೂ ಕೂಡಿ ಬನ್ನಿ, ಇವತ್ತೇ ತಿಳಿಸಿ. ಕಂಡಕ್ಟರ ಅದನ್ನು ಅಂಗಡಿಯ ಬಾಗಿಲಲ್ಲಿ ನಿಂತು ಇಡೀ ಪೇಟೆಗೆ ಕೇಳುವ ಹಾಗೆ ಕೂಗಿದ.

ಒಳಗೆ ಬಂದೆ. ಶಾರದವ್ವ ಕೇಳಿಸಿಕೊಂಡಿದ್ದಳು, ಕೈಯಲ್ಲಿದ್ದ ಸೀರೆ ಮಡಿಕೆ ಅರ್ಧಕ್ಕೇ ನಿಂತಿತ್ತು.

"ನಾನೂ ಬರ್ತೀನಿ" ಅಂದೆ. ಹೇಗೆ ಅಂದೆನೋ. "ಅಷ್ಟು ನೀರಿನ್ಯಾಗ ನೀ ಒಬ್ಬಾಕಿ..."

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಕೆರೆಯ ದಂಡೆಯಲ್ಲಿ ಸರ್ ನೋಡಿದ್ದಕ್ಕಿಂತ ಮೆತ್ತಗಿನ ನೋಟ.

"ಬ್ಯಾಡ್ರಿ."

"ಯಾಕ?"

"ನೀವು ಬಂದ್ರ ನಾ ಆಮಿ ನೋಡೂದು ಎಲ್ಲೆ? ನಿಮ್ಮನ್ನ ನೋಡ್ಕೋತ ಕುಂದ್ರಬೇಕಾಗ್ತೈತಿ." ಸೀರೆ ಮಡಚಿ ಪೆಟ್ಟಿಗೆಯಲ್ಲಿಟ್ಟಳು. "ಬಂಡಿ ಹಳ್ಳ ಹಾಯೂವಾಗ ನೀವು ನನ್ನ ಸೆರಗಿನ ತುದಿ ಹಿಡಕೋತೀರಿ. ಲಗ್ನ ಆದಾಗಿಂದ ನೋಡೀನಿ. ಒಂದ ದಿನಾನೂ ಅಂದಿಲ್ಲ."

ಒಂದು ಚಹಾ ಕುಡಿಯುವಷ್ಟು ಹೊತ್ತು ಸಿಟ್ಟಿತ್ತು. ಚಹಾ ಮುಗಿಯಿತು, ಸಿಟ್ಟು ಎಲ್ಲಿ ಹೋಯಿತೋ ನೋಡಲಿಲ್ಲ. ಕಂಡಕ್ಟರನಿಗೆ "ಒಬ್ಬರು ಅಷ್ಟ" ಅಂತ ಹೇಳಿ ಕಳಿಸಿದೆ. ಅವನೂ ಅದನ್ನು ಪೇಟೆಗೆಲ್ಲ ಕೇಳುವ ಹಾಗೆ ಕೂಗಿ ಖಾತ್ರಿ ಮಾಡಿಕೊಂಡ.

ಫೆಬ್ರುವರಿ ೫, ಬುಧವಾರ

ಹುಬ್ಬಳ್ಳಿ ಸ್ಟೇಶನ್ನಿಗೆ ಹೋಗಿ ಬಿಟ್ಟು ಬಂದೆ. ಮಂಡಳಿಯವರೆಲ್ಲ ಕಬ್ಬಿಣದ ಟ್ರಂಕು ತಂದಿದ್ದರು. ಗಿಳಿಯ ಪೆಟ್ಟಿಗೆ ನಡುವೆ ಮದುಮಗಳ ಹಾಗೆ ಕೂತಿತ್ತು. ರೈಲಿನ ಪೋರ್ಟರು ಮೆಲ್ಲಗೆ ಎತ್ತಿದ, ಕೂಸು ಮಲಗಿದೆ ಅಂತ ತಿಳಿದಿರಬೇಕು.

ಸರ್ ಅವರ ಹೆಂಡತಿ ಕಿಟಕಿಯ ಬಾಜೂಕ ಜಾಗ ಮಾಡಿ ಕೊಟ್ಟರು. ಗೂಳಪ್ಪ ಸರ್, "ಹೆದರಿಕಿ ಏನರ ಅದ ಏನ್ರಿ, ಶಾರದವ್ವನವರ?" ಅಂತ ಕೇಳಿದರು.

"ಇಲ್ಲರಿ. ನಮ್ಮ ಮನ್ಯಾಗಿನ ಹೆದರಿಕಿ ಎಲ್ಲಾ ಇವರ ತಾಬಾದಾಗ ಕೊಟ್ಟು ಬಂದೀನಿ. ಜ್ವಾಕಿ ಮಾಡ್ತಾರ."

ಡಬ್ಬಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗು ಬಂದದ್ದಕ್ಕೆ ನಕ್ಕೆ. ಮರ್ಯಾದೆ ಉಳಿಸಲು ನಕ್ಕದ್ದಾದರೆ ನನಗೆ ಗೊತ್ತಾಗುತ್ತಿತ್ತು, ಅದರ ಮುಖ ನನಗೆ ಪರಿಚಯ.

"ಹಾಲಿಗೆ ಹೆಪ್ಪು ಹಾಕ್ರಿ. ಜ್ವಾಳಾ ಬಿಸಲಿಗೆ ಹಾಕ್ರಿ" ಅಂದಳು. ರೈಲು ಸರಿಯಿತು. ನಾನು ಅದರ ಕೂಡ ಎರಡು ಹೆಜ್ಜೆ ನಡೆದೆ. ಆಗಲೇ ಅವಳು ಸರ್ ಅವರ ಹೆಂಡತಿಯ ಕಡೆ ತಿರುಗಿ ಕೇಳುತ್ತಿದ್ದಳು, ಆಮೆಗಳು ತತ್ತಿ ಇಟ್ಟ ಮೇಲೆ ತಿರುಗಿ ನೋಡುತ್ತಾವೋ, ಹಾಗೆಯೇ ಹೋಗುತ್ತಾವೋ ಅಂತ.

ಫೆಬ್ರುವರಿ ೭, ಶುಕ್ರವಾರ

ಇವತ್ತು ಅವಳು ಹಡಗು ಹತ್ತುವ ದಿನ. ಹೆಪ್ಪು ಹಾಕಿದ್ದೆ, ಮೊಸರು ಆಗಲಿಲ್ಲ. ಜೋಳ ಬಿಸಿಲಿಗೆ ಹಾಕಿದೆ.

ಸಂಜೆ ಗಂಗಪ್ಪ ಅಂಗಡಿಗೆ ಬಂದ. ಕಟ್ಟೆಯ ಮೇಲೆ ಇನ್ನೂ ಮೂರು ಮಂದಿ ಕೂತಿದ್ದರು.

"ಸಾವಕಾರ್ರ, ಕಡಿಗೂ ನೀವು ಹೋಗಲಿಲ್ಲ ನೋಡ್ರಿ. ಅಷ್ಟು ಛಲೋ ಪೆಟಗಿ ಮಾಡಿ ಕೊಟ್ಟಿದ್ದೆ."

ಹೇಳುವ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಿತ್ತು, ಅಷ್ಟು ದಿನ ಹೇಳಿ ಹೇಳಿ ನುಣ್ಣಗಾದದ್ದು. ಅದನ್ನು ಬಿಟ್ಟು, "ನನಗ ನೀರಂದ್ರ ಹೆದರಿಕಿ ಮಾರಾಯಾ. ಅಕಿಗೆ ಇಲ್ಲ. ಅಕಿ ಹ್ವಾದ್ಲು" ಅಂದೆ.

ಕಟ್ಟೆಯ ಮೇಲಿದ್ದವರಲ್ಲಿ ಒಬ್ಬ ಬೀಡಿ ಹಚ್ಚಿದ. ಮತ್ತಿಬ್ಬರು ರಸ್ತೆ ನೋಡುತ್ತಿದ್ದರು. ಗಂಗಪ್ಪ ಸ್ವಲ್ಪ ವಿಚಾರ ಮಾಡಿದ.

"ಹೌದ್ರಿ? ನನಗ ಏಣಿ ಅಂದ್ರ ಆಗಂಗಿಲ್ಲ ನೋಡ್ರಿ. ಗುಡಿ ಮ್ಯಾಲೆ ಬಣ್ಣಾ ಹಚ್ಚು ಬಾ ಅಂತ ಎಷ್ಟು ಊರವರು ಕರದ್ರು, ಹೋಗಲಿಲ್ಲ. ತೊಟ್ಟಲಾದ್ರ ಕುಂತ ಮಾಡಬಹುದು." ಚೀಲ ಬಿಡಿಸಿ ಮುಂದೆ ಹಿಡಿದ. "ಅರ್ಧ ಕಿಲೋ ಬೆಲ್ಲಾ ಕೊಡ್ರಿ."

ತೂಗಿ ಕೊಟ್ಟೆ.